ಭೈರವನಾಯಕನ ಮೀಸೆ

12-1-1999, ಮಂಗಳವಾರ. ಬೆಳಿಗ್ಗೆ

ಮಾತ್ರೆ ಆಯಿತು. ಅರ್ಧ ಲೋಟ ನೀರು, ಅದರಲ್ಲಿ ಬಿಳಿ ಪುಡಿ. ತುಂಗಮ್ಮ ಚಮಚದ ಬೆನ್ನಿನಿಂದ ಅರೆದು, ಕಲಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಎದುರು ನಿಲ್ಲುತ್ತಾಳೆ. ಕುಡಿಯುವ ತನಕ ಕದಲುವುದಿಲ್ಲ.

“ಆಹಾ! ಕೈಹಿಡಿದ ಸತಿಯ ಕೈಯಿಂದಲೇ ವಿಷಪ್ರಾಶನ!” ಅಂದೆ, ಎದೆಯ ಮೇಲೆ ಕೈಯಿಟ್ಟು.

“ಡೈಲಾಗ್ ಆಮೇಲೆ. ಪುಡಿ ತಳದಲ್ಲೇ ಕೂತಿದೆ, ಅದನ್ನೂ ಕುಡೀರಿ. ಹೂಂ, ಬಾಯಿ ತೆಗೀರಿ ನೋಡಾಣ.”

ತೆರೆದೆ. ನೋಡಿದಳು. ಹೋದಳು. ನಮ್ಮ ಮನೆಯಲ್ಲಿ ಪ್ರೇಕ್ಷಕರು ಒಬ್ಬರೇ, ಅವರಿಗೂ ನಾಟಕ ಬೇಡ.

ಈ ಮಾತ್ರೆ ಒಳಗಿದ್ದಾಗ ಒಂದು ಗುಟುಕು ಸಾರಾಯಿ ಇಳಿದರೂ ಮುಖ ಕೆಂಡವಾಗುತ್ತದಂತೆ, ಎದೆ ನಗಾರಿಯಾಗುತ್ತದಂತೆ, ಕರುಳು ಬಾಯಿಗೆ ಬರುತ್ತದಂತೆ. ಡಾಕ್ಟರಮ್ಮ ಹೇಳಿದ್ದು. ಪರೀಕ್ಷೆ ಮಾಡಿ ನೋಡುವ ಧೈರ್ಯವಿಲ್ಲ. ಮೊದಲು ಧೈರ್ಯ ಬಾಟಲಿಯಲ್ಲಿರುತ್ತಿತ್ತು.

ಇವತ್ತು ಎಸ್ಟೇಟಿನ ಕಣದಲ್ಲಿ ಪಾರ್ಚ್‌ಮೆಂಟ್, ಅಂದರೆ ಸಿಪ್ಪೆ ಸುಲಿದ ಕಾಫಿಬೀಜ, ಒಣಗಿಸುವ ಕೆಲಸ; ಲೆಕ್ಕ ಬರೆಯುವವನು ನಾನು. ಬಿಸಿಲಲ್ಲಿ ನಿಂತು ನಿಂತು ಕಾಲು ಸೋತಿದೆ. ಆಳುಗಳು “ರೈಟ್ರೇ, ದನಿ ಎಲ್ಲೋಯ್ತು?” ಅಂದರು. ಎಲ್ಲೋಯ್ತು… ನಾನೂ ಹುಡುಕುತ್ತಿದ್ದೇನೆ.

17-1, ಭಾನುವಾರ. ಸಂಜೆ

ಚಿಕ್ಕಮಗಳೂರಿಗೆ ಹೋಗಿ ಬಂದೆ. ಬಾಳೂರಿಂದ ಕೊಟ್ಟಿಗೆಹಾರ, ಅಲ್ಲಿಂದ ಮೂಡಿಗೆರೆ, ಅಲ್ಲಿಂದ ಇನ್ನೊಂದು ಬಸ್ಸು. ಸೊಂಟ ಹಿಡಿದಿದೆ.

ಡಾಕ್ಟರಮ್ಮ ಮಂಗಳೂರಿನಿಂದ ಹದಿನೈದು ದಿನಕ್ಕೊಮ್ಮೆ ಬರುವವರು. ಮತ್ತೆ ಅದೇ ಪಾಠ. ಕೆಮ್ಮಿನ ಔಷಧಿ ನನ್ನ ಕೇಳದೆ ಕುಡಿಯಬೇಡಿ. ಗಾಯಕ್ಕೆ ಸ್ಪಿರಿಟ್ ಬೇಡ. ಶೇವಿಂಗ್ ಲೋಷನ್ ಬೇಡ.

“ಮುಖಕ್ಕೆ ಏನಾದ್ರೂ ಹಚ್ಕೊಳ್ತೀರಾ ಮಂಜಯ್ಯನವರೇ?”

“ಮೇಡಂ, ಈ ಮುಖ ಸೋಪು ಬಿಟ್ಟು ಬೇರೆ ಶೃಂಗಾರ ಕಂಡದ್ದಿಲ್ಲ.”

ನಕ್ಕರು. ನಕ್ಕು, “ಬರೀ ಮಾತ್ರೆ ಸಾಕಾಗಲ್ಲ. ಇದನ್ನ ತಗೊಳ್ತಿರೋ ತನಕ ಹೆದ್ರಿ ಕುಡಿಯಲ್ಲ. ಒಂದಿನ ನಿಲ್ಲಿಸ್ತೀವಲ್ಲ, ಆವತ್ತು ಏನು ಮಾಡ್ತೀರಿ? ಅದಕ್ಕೇ ಕೃಷ್ಣಮ್ಮನವ್ರ ಹತ್ರ ಕೂರೋದು” ಅಂದರು.

ಕೃಷ್ಣಮ್ಮ ರಿಟೈರ್ಡ್ ನರ್ಸು, ಈಗ ಕೌನ್ಸೆಲರ್. ಪ್ರತಿ ಭಾನುವಾರ ಕುರ್ಚಿಗಳನ್ನು ಸುತ್ತ ಹಾಕಿಸಿ ನಮ್ಮನ್ನೆಲ್ಲ ಕೂರಿಸುತ್ತಾರೆ. ಇವತ್ತು ನನ್ನನ್ನೂ ಎದುರು ಕುರ್ಚಿಯ ಆಟೋ ಡ್ರೈವರನ್ನೂ ಎಬ್ಬಿಸಿ ನಿಲ್ಲಿಸಿದರು. “ನೀವು ಸಂತೆಯಿಂದ ಬರ್ತಿದೀರಿ. ಈ ಆಟೋದವ್ರು ನಿಮ್ಮ ಹಳೇ ದೋಸ್ತು, ಒಂದು ಗುಟುಕು ಹಾಕು ಬಾ ಅಂತಾರೆ. ಏನಂತೀರಿ?”

ನಾಟಕ! ನನ್ನ ಅಖಾಡ! ಬಲಗೈ ತಾನಾಗಿ ಮೇಲೇರಿತು. “ಎಲವೋ ಮರುಳೇ! ಈ ಮಂಜಯ್ಯನ ಕಂಠವನ್ನು ಮದಿರೆಯು ಮತ್ತೊಮ್ಮೆ ಸೋಕಿದ್ದೇ ಆದರೆ, ಈ ಗಿರಿಶಿಖರಗಳು ಸಿಡಿದು ಚೂರಾಗಲಿ! ಹೇಮಾವತಿಯು ಹಿಂದಕ್ಕೆ ಹರಿಯಲಿ!”

ಎಲ್ಲರೂ ಚಪ್ಪಾಳೆ. ಆಟೋದವನು ಶಿಳ್ಳೆ. ಕೃಷ್ಣಮ್ಮ ನನ್ನ ಎತ್ತಿದ ಕೈ ಹಿಡಿದು ಕೆಳಗಿಳಿಸಿದರು.

“ಚೆನ್ನಾಗಿತ್ತು. ಆದ್ರೆ ಇಷ್ಟು ಜೋರಾಗಿ ಬೇಡ ಅಂದ್ರೆ ಅವ್ನು ಇನ್ನೊಂದ್ಸಲ ಕೇಳ್ತಾನೆ, ಮಜಾ ಸಿಗುತ್ತಲ್ಲ. ಈಗ ಮಂಜಯ್ಯನ ಪಾರ್ಟು ಮಾಡಿ.”

“ಅದನ್ನೇ ಮಾಡಿದ್ದಮ್ಮ.”

“ಇಲ್ಲ. ಬೇಡ ಮಾರಾಯ. ಇಷ್ಟೇ ನಿಮ್ಮ ಮಾತು. ಕೈ ಜೇಬಲ್ಲಿರ್ಲಿ.”

ಆಗಲಿಲ್ಲ. ಕೈ ಜೇಬಿನಿಂದ ಹಾರಿ ಹಾರಿ ಹೊರಗೆ ಬರುತ್ತದೆ. ದನಿ ಇಳಿಸಿದರೆ ಗಂಟಲಲ್ಲಿ ಏನೂ ಉಳಿಯುವುದಿಲ್ಲ. ಎಷ್ಟು ರಾಜರನ್ನು ಮಾಡಿದ ಶರೀರ ಇದು! ಒಬ್ಬ ರೈಟರನ್ನು ಮಾಡಲಾರದೆ ಹೋಯಿತು.

ದಿನಾ ಏನಾದರೂ ಬರೆಯಿರಿ, ಯಾರಿಗೂ ತೋರಿಸಬೇಕಿಲ್ಲ ಅಂದವರೂ ಅವರೇ. ಅದಕ್ಕೆ ಇದು.

20-1, ಬುಧವಾರ

ಬಾಲರಾಜನ ಮನೆಯಲ್ಲಿ ಪ್ರಾಕ್ಟೀಸು. ಇಪ್ಪತ್ತಾರಕ್ಕೆ ಬಾಳೂರು ಶಾಲೆ ಮೈದಾನದಲ್ಲಿ ‘ಕೋಟೆ ಬಿದ್ದ ದಿನ’. ಬರೆದವನೂ ಬಾಲರಾಜ, ಹಾರ್ಮೋನಿಯಮ್ಮೂ ಬಾಲರಾಜ. ಪಾಳೇಗಾರ ಭೈರವನಾಯಕ ನಾನು. ಎಷ್ಟೋ ವರ್ಷದಿಂದ ನಾನೇ.

ಅಪ್ಪ ಕಂಪನಿ ನಾಟಕದಲ್ಲಿ ರಾಜಪಾರ್ಟು. ನಾನು ತೊಟ್ಟಿಲಿಗಿಂತ ಹೆಚ್ಚು ಮಲಗಿದ್ದು ಡ್ರೆಸ್ಸಿನ ಪೆಟ್ಟಿಗೆಗಳ ಮೇಲೆ. ಅಪ್ಪ ಬಣ್ಣಕ್ಕೆ ಮುಂಚೆ ಒಂದು ಗುಟುಕು ಹಾಕುತ್ತಿದ್ದ. ನಾನೂ ಹಾಕುತ್ತಿದ್ದೆ. ಒಣಗಂಟಲಲ್ಲಿ ಸ್ಟೇಜು ಹತ್ತಿದ್ದೇ ಇಲ್ಲ.

ಇವತ್ತು ದನಿ ಅರ್ಧಕ್ಕೇ ನಿಂತಿತು.

“ಏನೋ ಮಾರಾಯ, ಪಾಳೇಗಾರ ಯುದ್ಧ ಸಾರು ಅಂದ್ರೆ ಪಂಚಾಯ್ತಿ ನೋಟೀಸ್ ಓದ್ದಂಗೆ ಓದ್ತೀಯಲ್ಲ!” ಬಾಲರಾಜ ಹಾರ್ಮೋನಿಯಮ್ಮಿನ ಬೆಲ್ಲೋಸು ಬಿಟ್ಟು ಕೂತ. “ಇರ್ಲಿ ಬಿಡು. ಮೀಸೆ ಅಂಟಿದ ಮೇಲೆ ಬರುತ್ತೆ.”

ಅದು ನಿಜ. ಭೈರವನಾಯಕನ ಮೀಸೆ ಏರಿತೆಂದರೆ ನನ್ನ ಬೆನ್ನುಮೂಳೆ ತಾನಾಗಿ ನೆಟ್ಟಗಾಗುತ್ತದೆ. ಆ ಮೀಸೆಯ ಮೇಲೆ ನಿಂಬೆಹಣ್ಣು ನಿಲ್ಲುತ್ತದೆ ಅಂತ ಮಕ್ಕಳು ಬೆಟ್ಸು ಕಟ್ಟುತ್ತಾರೆ.

ತುಂಗಮ್ಮ ನಾಟಕಕ್ಕೆ ಬರುತ್ತೇನೆ ಅಂದಳು. ನಾನು ಕುಡಿದು ಸ್ಟೇಜಿನಿಂದ ಉರುಳಿದ ವರ್ಷದ ನಂತರ ಬಂದವಳಲ್ಲ.

“ಮುಂದುಗಡೆನೇ ಕೂತ್ಕೊಳ್ತೀನಿ. ಬಿದ್ರೆ ಎತ್ತೋಕಲ್ಲ. ನಿಂತಿದ್ರೆ ನೋಡೋಕೆ.”

25-1, ಸೋಮವಾರ

ನಾಳೆ. ಮಾತೆಲ್ಲ ನೆನಪಿದೆ. ಕಣದಲ್ಲಿ ಒಣಗುವ ಕಾಫಿಬೀಜದ ಮುಂದೆ ಹೇಳಿ ಮುಗಿಸಿದೆ. ತುಂಗಮ್ಮ ಹಸಿರು ಸೀರೆ ತೆಗೆದು ಹಗ್ಗದ ಮೇಲೆ ಹಾಕಿದ್ದಾಳೆ. ಮದುವೆ ಮನೆಗೆ ಉಡುವ ಸೀರೆ.

27-1, ಬುಧವಾರ. ಮಧ್ಯಾಹ್ನ

ಬರೆಯಬೇಕು. ಬರೆಯದಿದ್ದರೆ ನನಗೇ ನಂಬಿಕೆ ಹೋಗುತ್ತದೆ. ಕುಡಿದಿರಲಿಲ್ಲ. ಕುಡಿದಿರಲಿಲ್ಲ.

ನಾಲ್ಕನೇ ಕ್ಲಾಸಿನ ಕೋಣೆ ಬಣ್ಣದ ಮನೆ. ಮಕ್ಕಳು ಇಣುಕುತ್ತಾರೆ ಅಂತ ಬಾಗಿಲು, ಕಿಟಕಿ ಎಲ್ಲ ಹಾಕಿದ್ದರು. ಒಳಗೆ ಸೆಖೆ. ಬಣ್ಣದ ಕೆಂಚಯ್ಯ ಗಡ್ಡ ಅಂಟಿಸಿದ, ಕೆನ್ನೆಗೂದಲು ಅಂಟಿಸಿದ, ಮೀಸೆ ಅಂಟಿಸಿದ. ಬೆವರಿಗೆ ಮೀಸೆ ಕಿತ್ತು ಬಂತು. ಮತ್ತೆ ಹಚ್ಚಿದ. ಮತ್ತೆ ಬಂತು. “ಇವತ್ತು ನಾಯಕರಿಗೆ ಸಿಟ್ಟು ಜಾಸ್ತಿ” ಅಂತ ನಗುತ್ತಾ ಮೂರನೇ ಸಲ ದಪ್ಪಗೆ ಬಳಿದು ಒತ್ತಿ ಹಿಡಿದ. ಬೆಂಚಿನ ಕೆಳಗಿಂದ ಯಾರೋ ಬಾಟಲಿ ತೆಗೆದು ನನ್ನ ಕಡೆ ನೀಡಿದರು. ತಲೆಯಾಡಿಸಿದೆ, ಅಷ್ಟೆ. ಮುಟ್ಟಲಿಲ್ಲ.

ಸಂಜೆ ಆರಕ್ಕೆ ಪರದೆ. ಮೊದಲ ದೃಶ್ಯ ಗೆದ್ದೆ! ದನಿ ಬಂತು! ಮೈದಾನದ ಆಚೆ ಬಸ್‌ಸ್ಟ್ಯಾಂಡಿನ ತನಕ ಹೋಯಿತು. ಮುಂದಿನ ಸಾಲಲ್ಲಿ ಹಸಿರು ಸೀರೆ. ಮುಖ ಎತ್ತಿ ಕೂತಿದ್ದಳು. ಇದು ಸುಳ್ಳಲ್ಲ, ಅವಳು ನಕ್ಕಳು.

ಎರಡನೇ ದೃಶ್ಯಕ್ಕೆ ಕತ್ತು ಬಿಸಿಯಾಯಿತು. ಕಿವಿ ಸುಡುತ್ತಿದೆ. ಎದೆ ಹಾರ್ಮೋನಿಯಮ್ಮನ್ನೂ ಮೀರಿ ಬಡಿಯುತ್ತಿದೆ. ತಲೆ ಸೀಳುತ್ತಿದೆ. ಉಸಿರು ಸಿಗುತ್ತಿಲ್ಲ. “ಈ ಕೋಟೆಯ ಒಂದು ಕಲ್ಲನ್ನೂ—” ಅಂದೆ. ಮುಂದಿನ ಮಾತಿಲ್ಲ. ಕತ್ತಿ ಊರಿ ನಿಂತೆ. ಕಾಲು ಕುಸಿಯಿತು. ಅಲ್ಲೇ, ಸಿಂಹಾಸನದ ಪಕ್ಕದಲ್ಲೇ ವಾಂತಿ.

“ನಾಯಕರು ಫುಲ್ ಟೈಟು!” ಹಿಂದಿನಿಂದ ಒಂದು ಗಂಟಲು. ಆಮೇಲೆ ಇಡೀ ಮೈದಾನ ನಗು. ಪರದೆ ಎಳೆದರು.

ಕೆಂಚಯ್ಯ ಬಟ್ಟೆಗೆ ಸ್ಪಿರಿಟ್ ಹಾಕಿ ಗಡ್ಡ, ಮೀಸೆ ಎಲ್ಲ ಒರೆಸಿ ಕಿತ್ತ. ಇನ್ನಷ್ಟು ಉರಿ. ಬಾಲರಾಜ ಬಾಗಿಲಲ್ಲೇ ನಿಂತು ಬೈದ. “ಒಂದಿನ, ಒಂದಿನ ತಡ್ಕೊಳ್ಳೋಕಾಗ್ಲಿಲ್ವ ನಿಂಗೆ? ಬಾಯಿಗೆ ಮಣ್ಣು ಹಾಕಿದೆಯಲ್ಲೋ!” ಅವನ ಹಿಂದೆ ತುಂಗಮ್ಮ. ಹತ್ತಿರ ಬಂದಳು. ಬಗ್ಗಿ ಮೂಸಿದಳು. ಬ್ರಾಂದಿ, ಸಾರಾಯಿ, ಬಗನಿ ಕಳ್ಳು – ನನ್ನ ಬಾಯಲ್ಲಿ ಅವಳಿಗೆ ಗೊತ್ತಿಲ್ಲದ ವಾಸನೆಯಿಲ್ಲ.

“ಇದ್ಯಾವುದು ಹೊಸ ಮಾಲು?” ಅಂದಳು. ಅಷ್ಟೆ.

“ತುಂಗಾ! ಸೂರ್ಯಚಂದ್ರರ ಸಾಕ್ಷಿಯಾಗಿ, ಈ ಭೂತಾಯಿಯ ಮೇಲಾಣೆ—” ಅಂತ ಶುರು ಮಾಡಿದೆ. ನನ್ನ ಕಿವಿಗೇ ಕೇಳಿಸಿತು. ಅದು ಮೂರನೇ ಅಂಕದ ದನಿ. ಈ ದನಿಯಲ್ಲಿ ಅವಳ ಮುಂದೆ ಎಷ್ಟು ಆಣೆ ಇಟ್ಟಿದ್ದೇನೋ. ನಿಜ ಹೇಳುವುದಕ್ಕೂ ನನ್ನ ಹತ್ತಿರ ಇನ್ನೊಂದು ದನಿಯಿಲ್ಲ.

ತಿರುಗಿ ಹೋದಳು. ಹಸಿರು ಸೀರೆ ಜನರ ನಡುವೆ ಸ್ವಲ್ಪ ಹೊತ್ತು ಕಂಡಿತು.

28-1

ಲೋಟ ಇಲ್ಲ. ಚಮಚ ಇಲ್ಲ. ಮಾತ್ರೆಯ ಪಟ್ಟಿ ನನ್ನ ದಿಂಬಿನ ಪಕ್ಕ.

“ಇನ್ಮೇಲೆ ನೀವೇ ತಗೊಳ್ಳಿ. ಬಿಡೋದಾದ್ರೆ ಬಿಡಿ. ನಂಗೆ ಕಾಯೋಕೆ ಆಗಲ್ಲ.”

ಸಿಟ್ಟಿಲ್ಲ ಮಾತಲ್ಲಿ. ಸಿಟ್ಟಿದ್ದರೆ ಎದುರಿಗೆ ನಿಂತು ಗರ್ಜಿಸುತ್ತಿದ್ದೆ. ಸುಸ್ತಾದವರ ಮುಂದೆ ಏನು ಗರ್ಜಿಸುವುದು.

29-1

ತಗೊಳ್ಳಲಿಲ್ಲ.

6-2, ಶನಿವಾರ

ಮೊನ್ನೆ ಭಾನುವಾರ ಚಿಕ್ಕಮಗಳೂರಿಗೆ ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗುವುದು. ಮಾತ್ರೆ ಶರ್ಟಿನ ಜೇಬಲ್ಲೇ ಇದೆ, ಬೆವರಿಗೆ ಅದರ ಕಾಗದ ಮೆತ್ತಗಾಗಿದೆ. ತುಂಗಮ್ಮ ಊಟ ಹಾಕುತ್ತಾಳೆ, ಬಟ್ಟೆ ಒಗೆಯುತ್ತಾಳೆ. ನನ್ನ ಬಾಯಿ ನೋಡುವುದಿಲ್ಲ. ಕೂತರೂ ನೋಡುವುದಿಲ್ಲ, ನಿಂತರೂ ನೋಡುವುದಿಲ್ಲ.

ಇಡೀ ಬಾಳೂರಿನಲ್ಲಿ ನಾನು ಕುಡಿದವನು. ಕುಡಿದೇ ಬಿಟ್ಟರೆ ಕಡೇಪಕ್ಷ ಊರಿನ ಮಾತಾದರೂ ನಿಜವಾಗುತ್ತದೆ. ಈ ಯೋಚನೆ ಹಲ್ಲುನೋವಿನ ಹಾಗೆ, ಹೋಗುವುದೇ ಇಲ್ಲ. ಮಾತ್ರೆ ನಿಲ್ಲಿಸಿದರೂ ಅದರ ಪ್ರಭಾವ ಒಂದೆರಡು ವಾರ ಮೈಯಲ್ಲಿರುತ್ತದೆ ಅಂದಿದ್ದರು ಡಾಕ್ಟರಮ್ಮ. ಆಮೇಲೆ ಬಾಗಿಲು ತೆರೆದೇ ಇರುತ್ತದೆ.

ಸಂಜೆ ಕೆಲಸ ಬಿಟ್ಟು ಬರುವಾಗ ಸಾರಾಯಿ ಅಂಗಡಿ ಮುಂದೆ ಸಿದ್ದಬಸಪ್ಪ. ಕಾಫಿಹಣ್ಣು ಸುಲಿಯುವ ಪಲ್ಪರ್ ಮನೆಯವನು, ಹಳೇ ಜೊತೆಗಾರ. ಕೈಯಲ್ಲಿ ಎರಡು ಪ್ಯಾಕೆಟ್ಟು.

“ಬನ್ನಿ ರೈಟ್ರೇ. ಹೆಸ್ರು ಹೇಗೂ ಕೆಟ್ಟಾಯ್ತು, ಗಂಟ್ಲಾದ್ರೂ ಒದ್ದೆ ಆಗ್ಲಿ.”

ನಿಂತೆ. ಕಾಲು ತಾನಾಗಿ ನಿಂತಿತು. ಪ್ಯಾಕೆಟ್ಟಿನ ಪ್ಲಾಸ್ಟಿಕ್ಕು ಬಿಸಿಲಿಗೆ ಹೊಳೆಯುತ್ತಿತ್ತು. ಬಾಯಲ್ಲಿ ನೀರು ಬಂತು, ನಾಯಿಗೆ ಬರುವ ಹಾಗೆ.

“ಬೇಡ ಮಾರಾಯ.”

ಯಾರು ಹೇಳಿದ್ದು ಅಂತ ಒಂದು ಕ್ಷಣ ತಿಳಿಯಲಿಲ್ಲ. ನಾನೇ. ಕೈ ಜೇಬಲ್ಲಿತ್ತು. ಛಲ ಅಲ್ಲ, ಶಪಥ ಅಲ್ಲ. ಕೂಗುವುದಕ್ಕೆ ಶಕ್ತಿ ಇರಲಿಲ್ಲ, ಅಷ್ಟೆ. ಅವನು “ಸರಿ ಬಿಡಿ” ಅಂದು ಒಳಗೆ ಹೋದ. ಇನ್ನೊಂದು ಸಲ ಕೇಳಲೇ ಇಲ್ಲ.

ನಾಳೆ ಕೇಳಿದರೆ ಏನು ಹೇಳುತ್ತೇನೋ ಗೊತ್ತಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಚಿಕ್ಕಮಗಳೂರಿಗೆ ಹೋಗಬೇಕು.

7-2, ಭಾನುವಾರ. ಬಸ್‌ಸ್ಟ್ಯಾಂಡಿನಲ್ಲಿ ಕೂತು

ಸ್ಟೇಜಿನ ಮೇಲೆ ಬಿದ್ದದ್ದು ಹೇಳಿದೆ. ಕೃಷ್ಣಮ್ಮ ಕೇಳಿದ್ದು ಒಂದೇ. “ಕುಡಿದ್ರಾ?”

“ಇಲ್ಲ.”

“ಸರಿ. ಹಾಗಾದ್ರೆ ಆವತ್ತು ಮಧ್ಯಾಹ್ನದಿಂದ ಏನೇನಾಯ್ತು ಹೇಳಿ. ತಿಂದಿದ್ದು, ಮುಟ್ಟಿದ್ದು, ಮೂಸಿದ್ದು, ಎಲ್ಲ.”

ಸರಿ ಅಂದುಬಿಟ್ಟರು! ಆ ಒಂದು ಮಾತಿಗೆ ನನ್ನ ಕಣ್ಣು… ಹೋಗಲಿ. ಹೇಳಿದೆ. ಚಿತ್ರಾನ್ನ, ಕಾಫಿ, ಬಣ್ಣ, ಗಡ್ಡ, ಮೀಸೆ.

“ಮೀಸೆ ಯಾತ್ರಲ್ಲಿ ಅಂಟಿಸ್ತಾರೆ?”

“ಗಮ್ಮಲ್ಲಿ.”

“ಯಾವ ಗಮ್ಮು?”

“ಸ್ಪಿರಿಟ್ ಗಮ್ಮು.”

ಹೇಳಿ ಮುಗಿಸುವ ಹೊತ್ತಿಗೆ ನನಗೂ ಕೇಳಿಸಿತು. ಕೃಷ್ಣಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಮಂಗಳೂರಿಗೆ ಫೋನ್ ಹಚ್ಚಿದರು. ಡಾಕ್ಟರಮ್ಮ ನನ್ನ ಹತ್ತಿರವೂ ಮಾತಾಡಿದರು. ಮುಚ್ಚಿದ ಕೋಣೆ, ಬೆವರಿದ ಚರ್ಮ, ಮೇಲಿಂದ ಮೇಲೆ ಅದೇ ಗಮ್ಮು, ಮೂಗಿನ ಕೆಳಗೇ ಅದರ ಆವಿ. ಕೆಲವರಿಗೆ ಅಷ್ಟೇ ಸಾಕಂತೆ, ಆಮೇಲೆ ಒರೆಸಿದ್ದೂ ಸ್ಪಿರಿಟ್ಟು.

“ಮುಖಕ್ಕೆ ಏನಾದ್ರೂ ಹಚ್ಕೊಳ್ತೀರಾ ಅಂತ ಕೇಳಿದ್ನಲ್ರೀ!”

ಕೇಳಿದ್ದರು. ಆದರೆ ಅದು ನನ್ನ ಮುಖ ಅಂತ ನನಗೆ ಹೊಳೆಯಲೇ ಇಲ್ಲ. ಅದು ಭೈರವನಾಯಕನ ಮುಖ.

ಮಾತ್ರೆ ಮತ್ತೆ ಶುರು ಮಾಡಿ ಅಂದರು. ಗಮ್ಮು ಹಚ್ಚಿ ಪರೀಕ್ಷೆ ಗಿರೀಕ್ಷೆ ಮಾಡಿದರೆ ಹುಷಾರ್ ಅಂದರು. ಅಲ್ಲೇ ಕೃಷ್ಣಮ್ಮನ ಮುಂದೆ ಒಂದು ನುಂಗಿದೆ.

“ತುಂಗಮ್ಮನವ್ರಿಗೆ ನಾನು ಹೇಳ್ಲಾ? ಎಸ್ಟೇಟ್ ಆಫೀಸಿಗೆ ಫೋನ್ ಮಾಡಿ ಕರೆಸ್ತೀನಿ.”

“ಬೇಡ. ನಾನೇ ಹೇಳ್ತೀನಿ.”

“ಹೇಗೆ ಹೇಳ್ತೀರಿ?”

ಚೀಲ ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿಗೆ ಬಂದೆ.

8-2, ಸೋಮವಾರ

ನಿನ್ನೆ ಬಸ್ಸಿನಲ್ಲಿ ಇಡೀ ದಾರಿ ಒಂದು ದೃಶ್ಯ ಕಟ್ಟಿದೆ. ಕೊಟ್ಟಿಗೆಹಾರದಲ್ಲಿ ಇಳಿದು ಕೆಂಚಯ್ಯನ ಮನೆಗೆ ಹೋದೆ. ವಿಷಯ ಕೇಳಿ ತಲೆ ಮೇಲೆ ಕೈ ಹೊತ್ತ. “ಅಯ್ಯೋ ಶಿವ್ನೇ, ಮೂರು ಮೂರು ಸಲ ನಾನೇ ಬಳ್ದಿದ್ದಲ್ಲ ಮಾರಾಯ್ರೇ!” ಆವತ್ತು ಹಚ್ಚಿ ಉಳಿದಿದ್ದ ಗಮ್ಮಿನ ಬಾಟಲಿ ಕೇಳಿದೆ, ಕೊಟ್ಟ. ಮೀಸೆಯನ್ನೂ ಕೊಟ್ಟ.

ದೃಶ್ಯ ಹೀಗೆ: ಅಡಿಗೆಮನೆ. ಬೆಳಗಿನ ಬೆಳಕು. ನಾಯಕ ಪ್ರವೇಶ. ಬಾಟಲಿ ಎತ್ತಿ ತೋರಿಸುತ್ತಾನೆ. “ನೋಡು ದೇವೀ, ನನ್ನ ನಿರಪರಾಧವನ್ನು ನಿನ್ನ ಕಣ್ಣಾರೆ ನೋಡು!” ಮುಖಕ್ಕೆಲ್ಲ ಬಳಿದುಕೊಳ್ಳುತ್ತಾನೆ. ಮುಖ ಕೆಂಪಾಗುತ್ತದೆ. ನೆಲಕ್ಕೆ ಬೀಳುತ್ತಾನೆ. ಅವಳು ಅಳುತ್ತಾ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಳ್ಳುತ್ತಾಳೆ. ಡಾಕ್ಟರಮ್ಮನ ಮಾತು ನೆನಪಿತ್ತು. ಇದ್ದರೂ ಕಟ್ಟಿದೆ. ಚಪ್ಪಾಳೆ ಕೂಡ ಕೇಳಿಸಿತ್ತು.

ಇವತ್ತು ಬೆಳಿಗ್ಗೆ ಅವಳು ಎಳೆ ಹಲಸಿನ ಗುಜ್ಜೆ ಹೆಚ್ಚುತ್ತಿದ್ದಳು. ಕೈಗೆಲ್ಲ ಎಣ್ಣೆ. ನಾನು ಬಾಗಿಲಲ್ಲಿ ನಿಂತು ಎದೆ ತುಂಬ ಉಸಿರೆಳೆದೆ. ಚೀಲದಲ್ಲಿ ಬಾಟಲಿಯ ಮೇಲೆ ಕೈ. ಅವಳು ತಲೆಯೆತ್ತಿದಳು. ಆ ಮುಖ ನನಗೆ ಗೊತ್ತು. ನೋಡಿ ನೋಡಿ ಬೇಸತ್ತ ನಾಟಕ ಯಾವಾಗ ಮುಗಿಯುತ್ತದೋ ಅಂತ ಕಾಯುವವರ ಮುಖ ಅದು.

ಉಸಿರು ಬಿಟ್ಟೆ. ಕೈ ಚೀಲದಿಂದ ತೆಗೆದು ಜೇಬಲ್ಲಿಟ್ಟೆ.

“ಆವತ್ತು ಕುಡ್ದಿರ್ಲಿಲ್ಲ. ಮೀಸೆ ಅಂಟ್ಸೋ ಗಮ್ಮಲ್ಲಿ ಸ್ಪಿರಿಟ್ ಇತ್ತು. ಮಾತ್ರೆಗೆ ಅದು ಆಗ್ಲಿಲ್ಲ.”

“ಹೂಂ.”

ಮತ್ತೆ ಗುಜ್ಜೆ ಹೆಚ್ಚತೊಡಗಿದಳು. ಬಾಟಲಿಯನ್ನೂ ಮೀಸೆಯನ್ನೂ ಗೋಡೆಯ ಗೂಡಿನಲ್ಲಿಟ್ಟು ಕಣಕ್ಕೆ ಹೋದೆ. ಪರದೆ ಇಲ್ಲ, ಹಾರ್ಮೋನಿಯಮ್ ಇಲ್ಲ. ಮೈಯೆಲ್ಲ ಸೋತ ಹಾಗಿತ್ತು. ಇಷ್ಟು ಸಣ್ಣ ಪಾರ್ಟು ಯಾವತ್ತೂ ಮಾಡಿರಲಿಲ್ಲ.

11-2, ಗುರುವಾರ

ದಿನಾ ನಾನೇ ಅರೆದು ಕುಡಿಯುತ್ತಿದ್ದೇನೆ. ಲೋಟ ತೊಳೆದಿಡುತ್ತೇನೆ. ಯಾರೂ ಬಾಯಿ ತೆರೆಯಿರಿ ಅನ್ನುವುದಿಲ್ಲ. ಆದರೂ ತೆರೆಯುತ್ತೇನೆ, ಗೋಡೆಯ ಕಡೆ ತಿರುಗಿ. ಹುಚ್ಚು.

ಇವತ್ತು ಜಗಲಿಯಲ್ಲಿ ಶೂ ಬಿಚ್ಚುತ್ತಿದ್ದೆ. ಒಳಗಿನಿಂದ ಅವಳ ದನಿ.

“ಈ ಬಾಟ್ಲು ಎಸೀಲಾ?”

“ಕೆಂಚಯ್ಯಂದು. ವಾಪಸ್ ಕೊಡ್ಬೇಕು.”

ಮುಚ್ಚಳ ತಿರುಗಿಸುವ ಸದ್ದು. ಕತ್ತು ಚಾಚಿ ನೋಡಿದೆ. ಬಾಟಲಿ ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿ ನಿಂತಿದ್ದಳು. ಮತ್ತೊಮ್ಮೆ ಮೂಸಿದಳು.

“ಇದೇ ಅಲ್ವಾ ಹೊಸ ಮಾಲು,” ಅಂದಳು. ನನಗಲ್ಲ. ಬಾಟಲಿಗೆ.

ಮುಚ್ಚಳ ಹಾಕಿ ಹೊರಗೆ ಬಂದು ಬಾಗಿಲಿಗೆ ಒರಗಿದಳು. “ಇಷ್ಟು ವರ್ಷ ನಿಮ್ಮ ಬಾಯಿ ಮೂಸಿ ಮೂಸಿ ನನ್ನ ಮೂಗೇ ಸವ್ದೋಯ್ತು. ಮೀಸೆ ಮೂಸ್ಬೇಕು ಅಂತ ಯಾರಿಗ್ರೀ ಗೊತ್ತಿತ್ತು?”

ನಗಲೋ ಬೇಡವೋ ತಿಳಿಯಲಿಲ್ಲ. ಅವಳೂ ನಗಲಿಲ್ಲ. ಕಾಫಿ ತಂದಿಟ್ಟಳು.

15-2, ಸೋಮವಾರ

ಬಾಲರಾಜ ಬಂದಿದ್ದ. ಕೆಂಚಯ್ಯ ಎಲ್ಲ ಹೇಳಿದ್ದಾನೆ. ಕ್ಷಮಿಸು ಅನ್ನುವ ಜಾಯಮಾನ ಅಲ್ಲ ಅವನದು. ಎಲೆಅಡಿಕೆ ತಟ್ಟೆ ನನ್ನ ಕಡೆ ತಳ್ಳಿದ, ಅದೇ. ಶನಿವಾರ ಗೋಣಿಬೀಡಿನಲ್ಲಿ ಅದೇ ನಾಟಕ.

“ಗಡ್ಡ ಬೇಡ ಅಂದ್ರೂ, ಗಮ್ಮಿಲ್ದೆ ಮೀಸೆ ಹೆಂಗೆ ನಿಲ್ಲುತ್ತೆ? ಕಾಡಿಗೆ ಬಳ್ದು ಪಾಳೇಗಾರ ಮಾಡಿದ್ರೆ ಸ್ಕೂಲ್‌ಡೇ ಆಗುತ್ತೆ ಮಾರಾಯ.”

“ಬೇರೆಯವ್ರ ಕೈಲಿ ಮಾಡ್ಸು. ನಂಗೆ ಸಾಕಾಗಿದೆ.”

ನಿಜಕ್ಕೂ ಸಾಕಾಗಿದೆ. ಮೀಸೆಯಿಲ್ಲದೆ, ಗುಟುಕಿಲ್ಲದೆ ಆ ಜನರ ಮುಂದೆ ಮತ್ತೆ ನಿಲ್ಲುವುದು… ‘ಫುಲ್ ಟೈಟು’ ಇನ್ನೂ ಕಿವಿಯಲ್ಲಿದೆ. ತುಂಗಮ್ಮ ಒಳಗೆ ಅಕ್ಕಿ ಆರಿಸುತ್ತಿದ್ದಳು. ಮೊರದ ಸದ್ದು ನಿಂತಿತ್ತು. ಕೇಳಿಸಿಕೊಂಡಿರಬೇಕು.

ಬಾಲರಾಜ ಅಡಿಕೆ ಅಗಿದು ಮುಗಿಸಿದ. “ಶನಿವಾರ ಮಧ್ಯಾಹ್ನ ಜೀಪು ಬರುತ್ತೆ” ಅಂದು ಎದ್ದ.

20-2, ಶನಿವಾರ. ಬೆಳಿಗ್ಗೆ

ಗೂಡಿನಲ್ಲಿ ಮೀಸೆ ಇರಲಿಲ್ಲ. ಎಸೆದಳು ಅಂದುಕೊಂಡೆ.

ಮೇಜಿನ ಮೇಲಿತ್ತು. ಎರಡೂ ತುದಿಗೆ ಕಪ್ಪು ದಾರ. ಬರೀ ಗಂಟಲ್ಲ, ಹೊಲಿಗೆ. ಕೂದಲಿನ ಬುಡಕ್ಕೆ ತೆಳ್ಳನೆ ಬಟ್ಟೆ ಕೊಟ್ಟು, ಒತ್ತೊತ್ತಾಗಿ, ರವಿಕೆಗೆ ಹುಕ್ಸು ಹಾಕುವಾಗ ಹಾಕುತ್ತಾಳಲ್ಲ, ಹಾಗೆ. ದಾರ ಕಿವಿಯ ಮೇಲಿಂದ ಹಾದು ಹಿಂದಲೆಗೆ ಕಟ್ಟುವಷ್ಟು ಉದ್ದ. ಪೇಟದ ಕೆಳಗೆ ಕಾಣಿಸುವುದಿಲ್ಲ. ಅದರ ಪಕ್ಕದಲ್ಲಿ ಅರ್ಧ ಲೋಟ ನೀರು. ಚಮಚ. ಮಾತ್ರೆ ಅರೆದಾಗಿದೆ.

ಹಗ್ಗದ ಮೇಲೆ ಹಸಿರು ಸೀರೆ.

ಮೀಸೆ ಕಟ್ಟಿಕೊಂಡೇ ಕೂತಿದ್ದೇನೆ. ಎಡಗಡೆ ಸ್ವಲ್ಪ ಎಳೆಯುತ್ತದೆ. ಬೆನ್ನು ನೆಟ್ಟಗಾಗಿದೆ.

“ರೀ, ಎಲ್ಲಿದೀರಿ? ಪುಡಿ ತಳ ಸೇರ್ತಿದೆ.”

“ಬಂದೇ!” ಅಂದೆ. ಹೆಂಚು ನಡುಗಿತು. ಬೇಕಂತ ಅಲ್ಲ.

“ಮೀಸೆ ಬಿಚ್ಚಿಟ್ಟು ಬನ್ನಿ. ಬಾಯಿ ನೋಡ್ಬೇಕು.”

ಬಿಚ್ಚೋಣವೆಂದರೆ ಗಂಟು ಹಿಂದಲೆಯಲ್ಲಿ ಬಿಗಿದುಕೊಂಡಿದೆ. ನನ್ನ ಕೈಗೆ ಸಿಗುತ್ತಿಲ್ಲ. ಅವಳೇ ಬಂದು ಬೆನ್ನ ಹಿಂದೆ ನಿಂತಿದ್ದಾಳೆ, ಗಂಟು ಬಿಚ್ಚಲು. ಪೆನ್ನು ಇಡುತ್ತೇನೆ.